ಟ್ಯಾಂಕ್ ಕಿತ್ತ ತಗ್ಗಿಗೆ ಗರಸು ಸುರಿಯುವ ಮೊದಲು

ಪ್ರಶ್ನೆ: ಇಂಡಿ ಹತ್ತಿರ ರಸ್ತೆ ಬದಿಗೆ ನಮ್ಮ ತಂದೆಯವರು 1986ರಾಗ ಪೆಟ್ರೋಲ್ ಬಂಕಿಗೆ ಲೀಸ್ ಕೊಟ್ಟಿದ್ದ ಜಾಗ ಈಗ ನಮಗೆ ವಾಪಸ್ ಬಂದೈತ್ರಿ. ಎರಡು ಟ್ಯಾಂಕ್ ಕಿತ್ತು ಒಯ್ದಾರ. ತಗ್ಗು ಹಂಗೇ ಐತಿ, ಸಣ್ಣಗೆ ವಾಸನಿ ಬರ್ತೈತಿ. ಗರಸು ಹಾಕಿ ಮುಚ್ಚಿಬಿಡೂನು ಅಂತಾನ ಕಂತ್ರಾಟದಾರ. ನೂರು ಅಡಿ ಆಚೆ ನಮ್ಮ ಕುಡಿಯೋ ನೀರಿನ ಬೋರ್ ಐತಿ. ಮುಂದ ಮನಿ ಕಟ್ಟಿ, ಹಿತ್ತಲದಾಗ ಲಿಂಬಿ ಗಿಡ ಹಚ್ಚೋ ವಿಚಾರ. ಮಣ್ಣು ಟೆಸ್ಟ್ ಮಾಡಸಬೇಕಾ? ರೈತ ಸಂಪರ್ಕ ಕೇಂದ್ರಕ್ಕ ಕೊಟ್ಟರ ಸಾಕಾ?

ಉತ್ತರ: ಮೊದಲು ಗರಸಿನ ಟ್ರ್ಯಾಕ್ಟರ್ ನಿಲ್ಲಿಸಿರಿ. ತಗ್ಗು ತೆರೆದಿರುವಾಗ ಅರ್ಧ ದಿನದಲ್ಲಿ ಮುಗಿಯುವ ಮಣ್ಣಿನ ಮಾದರಿ ತೆಗೆಯುವ ಕೆಲಸಕ್ಕೆ, ಮುಚ್ಚಿದ ಮೇಲೆ ಡ್ರಿಲ್ಲಿಂಗ್ ಮಶೀನ್ ತರಿಸಬೇಕಾಗುತ್ತದೆ.

ರೈತ ಸಂಪರ್ಕ ಕೇಂದ್ರದ ಪರೀಕ್ಷೆ ಬೆಳೆಗಾಗಿ ಇರುವುದು. ಸಾರಜನಕ, ರಂಜಕ, ಪೊಟ್ಯಾಷ್ ನೋಡುತ್ತದೆ, ಎಣ್ಣೆ ನೋಡುವುದಿಲ್ಲ. ಡೀಸೆಲ್ ಕುಡಿದ ಮಣ್ಣಿಗೆ ‘ಸಾವಯವ ಇಂಗಾಲ ಚೆನ್ನಾಗಿದೆ’ ಅಂತ ಬರೆದು ಕೊಟ್ಟರೂ ಅಚ್ಚರಿಯಿಲ್ಲ! ನಿಮಗೆ ಬೇಕಾದದ್ದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪರಿಸರ ಪ್ರಯೋಗಾಲಯ. ಪೆಟ್ರೋಲಿಗೆ ಬೆಂಜೀನ್, ಟಾಲ್ವಿನ್, ಈಥೈಲ್ ಬೆಂಜೀನ್, ಜೈಲೀನ್. ಡೀಸೆಲ್ಲಿಗೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಮತ್ತು ನ್ಯಾಫ್ತಲೀನ್ ನೋಡಲು ಹೇಳಿರಿ. ಸೀಸವನ್ನೂ ಸೇರಿಸಿರಿ. ದೇಶದಲ್ಲಿ ಸೀಸರಹಿತ ಪೆಟ್ರೋಲ್ ಕಡ್ಡಾಯವಾದದ್ದು 2000ರಲ್ಲಿ. ನಿಮ್ಮ ಬಂಕ್ ಅದಕ್ಕಿಂತ ಹದಿನಾಲ್ಕು ವರ್ಷ ಹಳೆಯದು.

ಇನ್ನು ನಿಮ್ಮ ಭಾಗದ ಎರೆಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ವಿಷಯ. ಹಸಿಯಿದ್ದಾಗ ಅದು ನೀರನ್ನೂ ಕೆಳಗೆ ಬಿಡುವುದಿಲ್ಲ, ಆದ್ದರಿಂದ ಎಣ್ಣೆ ಆಳಕ್ಕೆ ಇಳಿದಿರಲಿಕ್ಕಿಲ್ಲ ಅಂತ ಹೇಳುವವರಿದ್ದಾರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನೆಲವೂ ಅದೇ ಅಲ್ಲವೇ? ಸೋರಿದ್ದು ಬಿರುಕು ಹಿಡಿದು ಇಳಿಯುತ್ತದೆ. ಒಂದು ಹೆಂಟೆ ಒಡೆದು ನೋಡಿ: ಒಳಗೆ ಕರ್ರಗಿದ್ದು, ಬಿರುಕಿನ ಮೈಗುಂಟ ಮಾತ್ರ ಬೂದು-ಹಸಿರು ಬಣ್ಣ, ಜಿಡ್ಡಿನ ಹೊಳಪು ಕಂಡರೆ ಮಾದರಿ ಅಲ್ಲಿಂದಲೇ ತೆಗೆಸಬೇಕು. ಮೂಸಿ ನೋಡಿ ತೀರ್ಮಾನಿಸಬೇಡಿ. ಹಳೆಯ ಡೀಸೆಲ್ಲಿಗೆ ವಾಸನೆ ಕಡಿಮೆ; ಬೆಂಜೀನ್ ಕ್ಯಾನ್ಸರ್‌ಕಾರಕ, ಅದನ್ನು ಮೂಸುವುದೇ ಅಪಾಯ.

ಟ್ಯಾಂಕಿನ ಸುತ್ತ ತುಂಬಿದ್ದ ಉಸುಕು ಕೊಟ್ಟರೆ ಉಪಯೋಗವಿಲ್ಲ. ಅದರ ಕೆಳಗಿನ, ಯಾರೂ ಕೆದಕದ ಮೂಲ ಮಣ್ಣು ಬೇಕು: ಪ್ರತಿ ಟ್ಯಾಂಕಿನ ಎರಡೂ ತುದಿಯ ಕೆಳಗೆ ಒಂದೆರಡು ಅಡಿ ಆಳದಿಂದ, ಜೊತೆಗೆ ತಗ್ಗಿನ ಗೋಡೆಗಳಿಂದ. ಟ್ಯಾಂಕರ್ ಎಣ್ಣೆ ಇಳಿಸುತ್ತಿದ್ದ ಜಾಗ, ಪೈಪಿನ ಜೋಡಣೆಗಳು, ಪಂಪ್ ನಿಂತಿದ್ದ ಕಟ್ಟೆಯ ಕೆಳಗೆ ಮರೆಯಬೇಡಿ. ಟ್ಯಾಂಕ್ ಗಟ್ಟಿಯಿದ್ದರೂ ಪೈಪಿನ ಕೀಲು ಸೋರಿರುತ್ತದೆ, ಅದರಲ್ಲೂ ಉಬ್ಬಿ ಕುಗ್ಗುವ ಎರೆಯಲ್ಲಿ.

ತಗ್ಗಿನೊಳಗೆ ಯಾರನ್ನೂ ಇಳಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಎರೆಯ ಗೋಡೆಯೂ ಕುಸಿಯುತ್ತದೆ. ಜೆಸಿಬಿ ಬಕೆಟ್ಟಿನಿಂದ ಮೇಲೆ ತರಿಸಿ, ಬಕೆಟ್ಟಿನ ನಡುವಿನ ಮಣ್ಣನ್ನು ಪ್ರಯೋಗಾಲಯದವರೇ ತೆಗೆದುಕೊಳ್ಳಲಿ. ಬೀಡಿ ದೂರವಿರಲಿ. ಅವರು ತರುವ ಗಾಜಿನ ಡಬ್ಬಿಯಲ್ಲಿ ಮೇಲೆ ಗಾಳಿಗೆ ಜಾಗ ಬಿಡದಂತೆ ತುಂಬಿ, ಕೂಡಲೇ ಐಸ್ ಪೆಟ್ಟಿಗೆಗೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿ ಬಸ್ಸಿಗೆ ಹಾಕಿ ಕಳಿಸಿದರೆ ಬೆಂಜೀನ್ ದಾರಿಯಲ್ಲೇ ಹಾರಿಹೋಗಿ, ವರದಿ ‘ಶುದ್ಧ’ ಅಂತ ಬರುತ್ತದೆ. ಅಂಥ ವರದಿ ಇಲ್ಲದಿದ್ದರೇ ಒಳ್ಳೆಯದು.

ಅಂಕಿ ಬಂದ ಮೇಲೆ ಹೋಲಿಕೆಗೆ ನೆದರ್ಲೆಂಡ್ಸ್‌ನ ಮಟ್ಟ ಬಳಸಬಹುದು: ಒಂದು ಕಿಲೋ ಮಣ್ಣಿನಲ್ಲಿ ಬೆಂಜೀನ್ 1.1 ಮಿಲಿಗ್ರಾಂ, ಖನಿಜ ತೈಲ (ನಿಮ್ಮ ವರದಿಯ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅಂಕಿಯನ್ನು ಇದಕ್ಕೆ ಹೋಲಿಸಿ) 5000 ಮಿಲಿಗ್ರಾಂ ದಾಟಿದರೆ ಅಲ್ಲಿ ಶುದ್ಧೀಕರಣದ ಮಾತು ಶುರುವಾಗುತ್ತದೆ. ಆ ಮಣ್ಣನ್ನು ಹಳ್ಳಕ್ಕೋ ಹೊಲಕ್ಕೋ ಚೆಲ್ಲಬಾರದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಖರ್ಚು ಯಾರದು ಅನ್ನುವುದಕ್ಕೆ ಹಳೆಯ ಲೀಸ್ ಕರಾರು ತೆಗೆದು ವಕೀಲರಿಗೆ ತೋರಿಸಿ. ಲಿಂಬೆ ಸಸಿ ಆಮೇಲೆ ನೋಡೋಣ.

ಬೋರಿನ ನೀರನ್ನೂ ಅದೇ ದಿನ ಕೊಡಿ. ವಿಜಯಪುರದ ಕಡೆ ನೀರು ಕಪ್ಪುಕಲ್ಲಿನ ಬಿರುಕುಗಳಲ್ಲಿ ಹರಿಯುತ್ತದೆ, ನೂರು ಅಡಿ ಅದಕ್ಕೆ ದೂರವೇ ಅಲ್ಲ. ಕುಡಿಯುವ ನೀರಿನ ಲೀಟರಿನಲ್ಲಿ ಬೆಂಜೀನ್ 0.01 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರದಿ ಕೈಗೆ ಬರುವ ತನಕ ಕುಡಿಯಲು, ಅಡುಗೆಗೆ ಬೇರೆ ಕಡೆಯ ನೀರು ತರಿಸಿರಿ.