ಅಸಮಾನತೆ ಇಳಿದಿದೆ, ವಿಮೆ ಹೆಚ್ಚಿದೆ ಅಂತಾರೆ; ಹಾಗಾದರೆ ಆಸ್ಪತ್ರೆ ಸಾಲ ಯಾಕೆ ತಪ್ಪಿಲ್ಲ?

ನೀವು ಕೇಳಿರುವ ಎರಡು ಅಂಕಿಗಳೂ ಸುಳ್ಳಲ್ಲ. ಆದರೆ ನಾವು ಅಂದುಕೊಂಡಿದ್ದನ್ನು ಅವು ಅಳೆದಿಲ್ಲ.

ಅಸಮಾನತೆ ಅಳೆಯುವ ಗಿನಿ ಸೂಚ್ಯಂಕದಲ್ಲಿ ಸೊನ್ನೆ ಎಂದರೆ ಎಲ್ಲರೂ ಸಮ, 1 ಎಂದರೆ ಎಲ್ಲವೂ ಒಬ್ಬರದೇ. 2022-23ರಿಂದ 2023-24ಕ್ಕೆ ಅದು ಹಳ್ಳಿಗಳಲ್ಲಿ 0.266ರಿಂದ 0.237ಕ್ಕೆ, ನಗರಗಳಲ್ಲಿ 0.314ರಿಂದ 0.284ಕ್ಕೆ ಇಳಿಯಿತು, ನಿಜ. ಆದರೆ ಇದು ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ, ಆದಾಯದ್ದಲ್ಲ. ತಿಂಗಳಿಗೆ 20 ಸಾವಿರ ಬರುವ ಮನೆ ಹೆಚ್ಚುಕಡಿಮೆ ಅಷ್ಟನ್ನೂ ಖರ್ಚು ಮಾಡುತ್ತದೆ. 5 ಲಕ್ಷ ಬರುವ ಮನೆ ಷೇರಿಗೆ, ಸೈಟಿಗೆ ಹಾಕಿದ್ದು ಲೆಕ್ಕಕ್ಕೇ ಬರುವುದಿಲ್ಲ. ತೆರಿಗೆ ದಾಖಲೆಗಳನ್ನೂ ಬಳಸಿ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ ಮಾಡಿದ ಅಂದಾಜಿನಲ್ಲಿ, 2022-23ರ ದೇಶದ ಆದಾಯದಲ್ಲಿ ಮೇಲಿನ ಶೇ 1ರಷ್ಟು ಜನರ ಪಾಲು ಶೇ 22.6.

ನಿಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ ಒಂದು ವಿಚಿತ್ರವೂ ಇಲ್ಲಿದೆ. ಆಸ್ಪತ್ರೆಗೆ ದಾಖಲಾದ ಖರ್ಚು ಕೂಡ ಈ ಬಳಕೆ ವೆಚ್ಚದಲ್ಲೇ ಸೇರುತ್ತದೆ. ಬಡ ಕುಟುಂಬವೊಂದು ಸಾಲ ಮಾಡಿ 2 ಲಕ್ಷದ ಬಿಲ್ ಕಟ್ಟಿದರೆ, ಕಾಗದದ ಮೇಲೆ ಅದು ಮೇಲಕ್ಕೇರಿದಂತೆ ಕಾಣುತ್ತದೆ!

ಇನ್ನು ವಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ ಎನ್‌ಎಫ್‌ಎಚ್‌ಎಸ್-4ರಲ್ಲಿ (2015-16) ಶೇ 29ರಷ್ಟು ಕುಟುಂಬಗಳಿಗೆ ವಿಮೆಯಿತ್ತು, ಎನ್‌ಎಫ್‌ಎಚ್‌ಎಸ್-5ರಲ್ಲಿ (2019-21) ಶೇ 41ಕ್ಕೆ ಏರಿತು. ಆದರೆ ಮನೆಯಲ್ಲಿ ಒಬ್ಬರಿಗೆ ಇದ್ದರೂ ಇಡೀ ಮನೆಗೆ ಇದೆ ಅಂತಲೇ ಎಣಿಕೆ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನವರನ್ನು ತಲೆಲೆಕ್ಕದಲ್ಲಿ ನೋಡಿದರೆ ಮಹಿಳೆಯರಲ್ಲಿ ಶೇ 30, ಪುರುಷರಲ್ಲಿ ಶೇ 33 ಮಾತ್ರ. ಜೊತೆಗೆ ಸರ್ಕಾರಿ ಆರೋಗ್ಯ ಯೋಜನೆ ಆಯುಷ್ಮಾನ್ ಭಾರತ್‌ನ 5 ಲಕ್ಷ ಇರುವುದು ಅಡ್ಮಿಟ್ ಆದವರಿಗೆ. ದಾಖಲಾತಿಗೆ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಸೇರುತ್ತದೆ, ಅಷ್ಟೆ. ಬಿಪಿ, ಶುಗರ್ ಮಾತ್ರೆಗೆ ತಿಂಗಳು ತಿಂಗಳೂ ಹೋಗುವ ದುಡ್ಡು ಕೈಯಿಂದಲೇ.

ಕರ್ನಾಟಕದಲ್ಲಿ ಇದೇ ಯೋಜನೆಯಡಿ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಎಡವಟ್ಟಾಗುವುದು ರೆಫರಲ್‌ನಲ್ಲಿ: ತುರ್ತು ಚಿಕಿತ್ಸೆಯಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನೇರವಾಗಿ ಖಾಸಗಿಗೆ ಹೋಗಿ ದುಡ್ಡು ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದರೆ ವಾಪಸ್ ಬರುವುದಿಲ್ಲ. ಆಸ್ಪತ್ರೆ ಯೋಜನೆಯ ನೋಂದಣಿಯಲ್ಲಿದ್ದರೆ ಸಾಲದು, ನಿಮಗೆ ಬೇಕಾದ ವಿಭಾಗಕ್ಕೂ ನೋಂದಣಿ ಇದೆಯೇ ಎಂದು ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ.

ನನ್ನ ಪ್ರಕಾರ ಹೆಚ್ಚು ಸಿಕ್ಕಿಬೀಳುವವರು ನಡುವಿನವರು: ಬಿಪಿಎಲ್ ಅಲ್ಲ, ಸಂಬಳ 21,000 ದಾಟಿರುವುದರಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ, ಕಂಪನಿ ವಿಮೆಯೂ ಇಲ್ಲ. ಹೀಗೆ ವಿಮೆಯಿಲ್ಲದೆ ಉಳಿದವರು ಜನಸಂಖ್ಯೆಯ ಶೇ 30ರಷ್ಟು ಎಂದು ನೀತಿ ಆಯೋಗವೇ 2021ರಲ್ಲಿ ಹೇಳಿತ್ತು. ಇವರು ಖಾಸಗಿ ಪಾಲಿಸಿ ಕೊಳ್ಳುವಾಗ ಪ್ರೀಮಿಯಂಗಿಂತ ಮೊದಲು ರೂಮ್ ಬಾಡಿಗೆಯ ಮಿತಿ ನೋಡಲಿ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಎಂದಿದ್ದರೆ 3,000 ರೂಪಾಯಿ; 6,000ದ ರೂಮ್ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಶುಲ್ಕದಲ್ಲೂ ಅರ್ಧ ಕಡಿತವಾಗಬಹುದು.