ಡಾನ್ ವಿಲಿಯಮ್ಸ್ ಹಾಡಿಗೆ ಮೂರೇ ಕಾರ್ಡು, ಆದರೂ ನಾನು ನುಡಿಸಿದರೆ ಸಪ್ಪೆ. ಯಾಕೆ?

ಅಪ್ಪ-ಅಮ್ಮನ ಮದುವೆಯ 40ನೇ ವರ್ಷಕ್ಕೆ ಗಿಟಾರ್ ಹಿಡಿದು ‘ಯೂ ಆರ್ ಮೈ ಬೆಸ್ಟ್ ಫ್ರೆಂಡ್’ ಹಾಡಬೇಕು, ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಸರಿಯಾಗಿವೆ, ಆದರೆ ರೆಕಾರ್ಡಿನ ನೆಮ್ಮದಿ ಬರುತ್ತಿಲ್ಲ ಅಂತ ಕೇಳಿದ್ದೀರಿ. ನನ್ನ ಅಂದಾಜು, ನೀವು ಆರೂ ತಂತಿಗಳನ್ನು ಒಟ್ಟಿಗೆ, ಒಂದೇ ಜೋರಿನಲ್ಲಿ ಬಾರಿಸುತ್ತಿದ್ದೀರಿ. ಒಂಟಿ ಗಿಟಾರಿನಲ್ಲಿ ಈ ಹಾಡು ನಿಲ್ಲುವುದು ಬೇಸ್ ಸ್ವರದ, ಅಂದರೆ ದಪ್ಪ ತಂತಿಯ ತಗ್ಗಿನ ಸ್ವರದ ಮೇಲೆ. ಉಳಿದದ್ದೆಲ್ಲ ಅದರ ಹಿಂದೆ ಸುಮ್ಮನೆ ಬರಬೇಕು.

ವೇಲೆಂಡ್ ಹೋಲಿಫೀಲ್ಡ್ ಬರೆದು ಡಾನ್ ವಿಲಿಯಮ್ಸ್ ಹಾಡಿದ ಇದು 1975ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಕಂಟ್ರಿ (ಅಲ್ಲಿನ ಹಳ್ಳಿ ಸೊಗಡಿನ ಸಂಗೀತ) ಜನಪ್ರಿಯತೆ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಸಾಹಿತ್ಯ ನೋಡಿ: ಬೆರಳಿಗೆ ಉಂಗುರ, ಮಕ್ಕಳು, ಹಸಿವಿಗೆ ರೊಟ್ಟಿ, ಗಾಳಿಗೆ ಆಸರೆ. ಬೆಳದಿಂಗಳು, ವಿರಹ ಯಾವುದೂ ಇಲ್ಲ. ಹಾಡಿದವನು ಟೆಕ್ಸಾಸಿನ ಎತ್ತರದ ಆಸಾಮಿ, ತಗ್ಗಿನ ದನಿ. ‘ಜೆಂಟಲ್ ಜೈಂಟ್’ (ಸೌಮ್ಯ ದೈತ್ಯ) ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. 1960ರಲ್ಲಿ ಜಾಯ್ ಅವರನ್ನು ಮದುವೆಯಾದವನು 2017ರಲ್ಲಿ ತೀರಿಕೊಳ್ಳುವವರೆಗೂ ಅವರ ಜೊತೆಗೇ ಇದ್ದ. ಇಂಥ ಮಾತನ್ನು ದನಿ ಏರಿಸಿ ಹೇಳಿದರೆ ಸುಳ್ಳಾಗಿ ಕೇಳುತ್ತದೆ.

ಮೊದಲು ಬಲಗೈ. ಡಿ ಶ್ರುತಿಯಲ್ಲಿ ಇಟ್ಟುಕೊಂಡರೆ ಡಿ, ಜಿ, ಎ ಮೂರು ಕಾರ್ಡು ಸಾಕು. ನಾಲ್ಕು ಎಣಿಕೆಯ ತಾಳ; 1 ಮತ್ತು 3ಕ್ಕೆ ಒಂದೇ ಬೇಸ್ ತಂತಿ, 2 ಮತ್ತು 4ಕ್ಕೆ ಕೆಳಗಿನ ಮೂರು ಸಣ್ಣ ತಂತಿಗಳನ್ನು ಹಗುರಾಗಿ ಸವರುವುದು. ತಂತಿಗಳ ಲೆಕ್ಕ ತೆಳುವಿನಿಂದ: 1ನೇದು ಅತಿ ತೆಳು, 6ನೇದು ಅತಿ ದಪ್ಪ. ಡಿಗೆ 1ರಲ್ಲಿ 4ನೇ ತಂತಿ ಓಪನ್ (ಬೆರಳು ಒತ್ತದೆ), 3ರಲ್ಲಿ 5ನೇ ತಂತಿ ಓಪನ್. ಜಿಗೆ 6ನೇ ತಂತಿಯ 3ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ಆಮೇಲೆ 4ನೇ ತಂತಿ ಓಪನ್. ಎಗೆ 5ನೇ ತಂತಿ, ಆಮೇಲೆ 6ನೇ ತಂತಿ, ಎರಡೂ ಓಪನ್. ಬೇಸ್ ಸ್ಪಷ್ಟವಾಗಿರಲಿ, ಸವರುವ ಏಟು ಅದರ ಅರ್ಧದಷ್ಟೇ ಕೇಳಲಿ. ಡಿ ಹಿಡಿದಾಗ 6ನೇ ತಂತಿ ತಗುಲಿತೋ, ಎಲ್ಲ ಕಲಸಿಹೋಗುತ್ತದೆ. ಹೆಚ್ಚಿನವರ ತೊಂದರೆ ಇಲ್ಲೇ. ಬಲ ಅಂಗೈಯ ಅಂಚನ್ನು ಬ್ರಿಡ್ಜಿನ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಮೇಲೆ ಕೂದಲೆಳೆಯಷ್ಟು ಊರಿದರೆ ಬೇಸ್ ಉದ್ದಕ್ಕೆ ಎಳೆಯದೆ ‘ದುಮ್’ ಅಂತ ನಿಲ್ಲುತ್ತದೆ. ತೀರಾ ತೆಳು ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆ) ಬೇಡ, ತಂತಿಗಿಂತ ಪ್ಲಾಸ್ಟಿಕ್ ಸದ್ದೇ ಹೆಚ್ಚು. 0.73 ಮಿಮೀ ಸುಮಾರಿನದು ಸರಿ. ನಾನಾದರೆ ಪಿಕ್ ಬಿಟ್ಟು ಹೆಬ್ಬೆರಳಲ್ಲೇ ನುಡಿಸಲು ಹೇಳುತ್ತೇನೆ.

ಇನ್ನು ಕಾರ್ಡಿನಿಂದ ಕಾರ್ಡಿಗೆ ನಡೆಯುವ ಬೇಸ್. ಕಂಟ್ರಿ ಹಾಡು ಕಂಟ್ರಿ ಅನ್ನಿಸುವುದೇ ಇದರಿಂದ. ಎ ಇಂದ ಡಿಗೆ ಮರಳುವ ಕೊನೆಯ ಬಾರಿನಲ್ಲಿ (ನಾಲ್ಕು ಎಣಿಕೆಯ ಒಂದು ಸುತ್ತು) 1ಕ್ಕೆ 5ನೇ ತಂತಿ ಓಪನ್, 2ಕ್ಕೆ ಸವರುವುದು, 3ಕ್ಕೆ ಅದೇ 5ನೇ ತಂತಿಯ 2ನೇ ಫ್ರೆಟ್, 4ಕ್ಕೆ 4ನೇ ಫ್ರೆಟ್, ಮುಂದಿನ ಬಾರಿನ 1ಕ್ಕೆ 4ನೇ ತಂತಿ ಓಪನ್. ಎ ಕಾರ್ಡನ್ನು 2 ಮುಗಿದ ಕೂಡಲೇ ಬಿಟ್ಟುಬಿಡಿ. ಹಿಡಿದುಕೊಂಡೇ 4ನೇ ಫ್ರೆಟ್ಟಿಗೆ ಬೆರಳು ಚಾಚಲು ಹೋದರೆ ತಾಳ ತಪ್ಪುತ್ತದೆ. ಜಿ ಇಂದ ಡಿಗೆ ಇಳಿಯುವಾಗ 6ನೇ ತಂತಿಯಲ್ಲಿ 3ನೇ ಫ್ರೆಟ್, 2ನೇ ಫ್ರೆಟ್, ಓಪನ್, ಅಲ್ಲಿಂದ ಡಿ. ಪ್ರತಿ ಸಲ ಹೀಗೆ ಮಾಡಬೇಡಿ. ಒಂದು ಚರಣಕ್ಕೆ ಒಂದು, ಹೆಚ್ಚೆಂದರೆ ಎರಡು ಕಡೆ. ಮೆಟ್ರೊನೋಮನ್ನು (ತಾಳ ತಟ್ಟುವ ಸಾಧನ) ನಿಮಿಷಕ್ಕೆ 60 ಎಣಿಕೆಗೆ ಇಟ್ಟು ನಡೆ ಕೂರಿಸಿಕೊಂಡು, ಆಮೇಲೆ ರೆಕಾರ್ಡಿಗೆ ಕಾಲು ತಟ್ಟಿ ಅದರ ವೇಗ ಹಿಡಿಯಿರಿ.

ಶ್ರುತಿ ವಿಚಾರದಲ್ಲಿ ರೆಕಾರ್ಡನ್ನು ನಕಲು ಮಾಡಲೇಬೇಡಿ. ಅಷ್ಟು ತಗ್ಗಿನ ದನಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಹಾಡಿನ ಅತ್ಯಂತ ಕೆಳಗಿನ ಸ್ವರ ಗುರುತಿಸಿ ಅದನ್ನು ಸಂಜೆ ಹಾಡಿ ನೋಡಿ. ಬೆಳಗ್ಗೆ ಎದ್ದಾಗ ಎಲ್ಲರ ಗಂಟಲೂ ತಗ್ಗಿರುತ್ತದೆ, ಆ ಲೆಕ್ಕ ನಂಬಬಾರದು. ಆ ಸ್ವರ ಬರೀ ಉಸಿರಾಗಿ ಹೋದರೆ ಶ್ರುತಿ ಏರಿಸಬೇಕು: ಡಿ ಹಿಡಿತಗಳನ್ನೇ ಇಟ್ಟುಕೊಂಡು ಕಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುವ ಕ್ಲಿಪ್ಪು) 2ನೇ ಫ್ರೆಟ್ಟಿಗೆ ಹಾಕಿದರೆ ಇ, 3ಕ್ಕೆ ಎಫ್. ತಗ್ಗಿಸಬೇಕೆಂದರೆ ಎ, ಡಿ, ಇ ಹಿಡಿತಗಳಿಗೆ ಬಂದು ಕಾಪೋ 3ಕ್ಕೆ ಹಾಕಿ ಸಿ, 2ಕ್ಕೆ ಹಾಕಿ ಬಿ. ಕಾಪೋ ಫ್ರೆಟ್ಟಿನ ಹಿಂದೆ, ಅದಕ್ಕೆ ಒತ್ತಿಕೊಂಡಂತೆ ಕೂರಲಿ. ಹಾಕಿದ ಮೇಲೆ ಮತ್ತೆ ಟ್ಯೂನ್ ನೋಡಿಕೊಳ್ಳಿ.

ಸುಗಮ ಸಂಗೀತವನ್ನೋ ಕರ್ನಾಟಕ ಸಂಗೀತವನ್ನೋ ಕಲಿತವರಿಗೆ ಒಂದು ಎಚ್ಚರಿಕೆ. ಸಾಲಿನ ಕೊನೆಯ ಸ್ವರ ಬಂದ ಕೂಡಲೇ ಗಂಟಲು ತಾನಾಗಿ ಗಮಕಕ್ಕೆ ಹೋಗುತ್ತದೆ. ಇಲ್ಲಿ ಸ್ವರ ಅಲುಗಬಾರದು. ನೇರವಾಗಿ ನಿಲ್ಲಿಸಿ, ಬೇಗ ಬಿಟ್ಟು, ಉಸಿರು ತೆಗೆದುಕೊಳ್ಳಿ. ಪಲ್ಲವಿ ಬಂತೆಂದು ದನಿ ಎತ್ತುವುದೂ ಬೇಡ. ಎದುರಿಗೆ ಕೂತವರ ಜೊತೆ ಮಾತಾಡುವಷ್ಟೇ ಜೋರು ಸಾಕು. ಹಾಡು ಮೂರು ನಿಮಿಷದೊಳಗೆ ಮುಗಿಯುತ್ತದೆ, ಉದ್ದ ಮಾಡಲು ನಡುವೆ ಸೋಲೋ ತುರುಕಬೇಡಿ.

ತಂತಿಗಳನ್ನು ಎರಡು-ಮೂರು ದಿನ ಮುಂಚೆ ಬದಲಿಸಿ. ಅದೇ ದಿನ ಹಾಕಿದ ತಂತಿ ಎಳೆದುಕೊಳ್ಳುತ್ತಾ ಟ್ಯೂನ್ ಇಳಿಯುತ್ತಲೇ ಇರುತ್ತದೆ. ಕಲ್ಯಾಣ ಮಂಟಪವಾದರೆ ಸೌಂಡ್ ಸಿಸ್ಟಮ್‌ನವರ ಹತ್ತಿರ ಮೊದಲೇ ಹೋಗಿ ಎಕೋ ಪೂರ್ತಿ ತೆಗೆಸಿ, ಕೇಳದಿದ್ದರೆ ಅವರು ಹಾಕಿಯೇ ಇರುತ್ತಾರೆ. ಸಾಮಾನ್ಯ ಹಾಡುವ ಮೈಕಿಗೆ ಬಾಯಿ ಹತ್ತಿರವಾದಷ್ಟೂ ದನಿಯ ತಗ್ಗು ಭಾಗ ದಪ್ಪವಾಗುತ್ತದೆ, ಈ ಹಾಡಿಗೆ ಅದು ಅನುಕೂಲವೇ. ಐದರಿಂದ ಎಂಟು ಸೆಂಟಿಮೀಟರ್ ದೂರದಲ್ಲಿ ಸ್ವಲ್ಪ ಓರೆಯಾಗಿ ಹಾಡಿ, ಇಲ್ಲದಿದ್ದರೆ ‘ಪ’, ‘ಬ’ ಬಂದಾಗೆಲ್ಲ ಪಟ್ ಅನ್ನುತ್ತದೆ. ಗಿಟಾರ್ ಗುಂಯ್‌ಗುಟ್ಟಿದರೆ ಅದರ ಚಾನೆಲ್ಲಿನಲ್ಲಿ ಬೇಸ್ ಇಳಿಸಲು ಹೇಳಿ, ವಾಲ್ಯೂಮ್ ಆಮೇಲೆ ಮುಟ್ಟಲಿ.