ಒಂದೇ ಘಟನೆ, ಎರಡು ಬಾರಿ: ಮೂಕಿ ಚಿತ್ರಗಳು ಕಾಲವನ್ನು ನಿಭಾಯಿಸಿದ ಬಗೆ

ಪ್ರಶ್ನೆ: ಎಡ್ವಿನ್ ಎಸ್. ಪೋರ್ಟರ್ ಅವರ ‘ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮ್ಯಾನ್’ (1903) ಚಿತ್ರದಲ್ಲಿ ತಾಯಿ ಮತ್ತು ಮಗುವನ್ನು ಬೆಂಕಿಯಿಂದ ಕಾಪಾಡುವ ಘಟನೆ ಮೊದಲು ಕೋಣೆಯ ಒಳಗಿನಿಂದ, ಆಮೇಲೆ ಮನೆಯ ಹೊರಗಿನಿಂದ, ಹೀಗೆ ಎರಡು ಸಲ ಬರುತ್ತದೆ. ಇದು ಸಂಕಲನದ ದೋಷವೇ? ಎರಡು ಕಡೆ ಏಕಕಾಲಕ್ಕೆ ನಡೆಯುವುದನ್ನು ಹೇಳಲು ಸಿನಿಮಾ ಕಲಿತದ್ದು ಹೇಗೆ?

ಉತ್ತರ: ಇದು ದೋಷವಲ್ಲ, ಆ ಕಾಲದ ನಿರೂಪಣಾ ಕ್ರಮ. ಆಗಿನ ಹೆಚ್ಚಿನ ಚಿತ್ರಗಳಲ್ಲಿ ಒಂದೊಂದು ಶಾಟ್ (ಕತ್ತರಿಸದೆ ಒಂದೇ ಓಟದಲ್ಲಿ ಸೆರೆಹಿಡಿದ ತುಣುಕು) ಕೂಡ ತನ್ನಷ್ಟಕ್ಕೆ ಪೂರ್ಣವಾದ ರಂಗದೃಶ್ಯದಂತಿತ್ತು. ಕ್ಯಾಮೆರಾ ಒಂದೆಡೆ ನಿಂತಿತೆಂದರೆ ಅಲ್ಲಿ ನಡೆಯಬೇಕಾದದ್ದು ಮುಗಿಯುವ ತನಕ ಕದಲುತ್ತಿರಲಿಲ್ಲ. ಹೊಗೆಯಲ್ಲಿ ಕುಸಿದುಬಿದ್ದ ತಾಯಿಯನ್ನು ಅಗ್ನಿಶಾಮಕ ದಳದವನು ಕಿಟಕಿಯಿಂದ ಇಳಿಸಿ, ಮತ್ತೆ ಬಂದು ಮಗುವನ್ನು ಎತ್ತಿಕೊಂಡು ಹೋಗುವವರೆಗೆ ನಾವು ಕೋಣೆಯಲ್ಲೇ ಇರುತ್ತೇವೆ. ಬಳಿಕ ಕಾಲ ಹಿಂದೆ ಸರಿದು, ನಡೆದದ್ದೇ ಹೊರಗಿನಿಂದ ಕಾಣುತ್ತದೆ. ತಾಯಿ ಮಗುವಿಗಾಗಿ ಅಂಗಲಾಚುವುದು ಈ ಎರಡನೆಯ ನೋಟದಲ್ಲಿ ಮಾತ್ರ ಇರುವುದರಿಂದ, ಅವನು ಕೋಣೆಗೆ ಮರಳಿದ್ದೇಕೆ ಎಂಬುದು ಆಗ ತಿಳಿಯುತ್ತದೆ. ಹೀಗೆ ಪುನರಾವರ್ತನೆಯೇ ಕಥೆಗೆ ಹೊಸದೊಂದನ್ನು ಸೇರಿಸುವುದರಿಂದ, ಇದನ್ನು ಅಪಕ್ವವೆಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಫ್ರಾನ್ಸಿನ ನಿರ್ದೇಶಕ ಜಾರ್ಜ್ ಮೆಲಿಯೆ 1902ರ ‘ಎ ಟ್ರಿಪ್ ಟು ದ ಮೂನ್’ ಚಿತ್ರದಲ್ಲೇ, ಚಂದ್ರನ ಕಣ್ಣಿಗೆ ನಾಟಿದ ನೌಕೆ ಮುಂದಿನ ಶಾಟ್‌ನಲ್ಲಿ ಚಂದ್ರನ ನೆಲದ ಮೇಲೆ ಇನ್ನೊಮ್ಮೆ ಇಳಿಯುವಂತೆ ತೋರಿಸಿದ್ದರು.

ಪೋರ್ಟರ್ ಅವರ ಈ ಚಿತ್ರ ಇತಿಹಾಸಕಾರರನ್ನೂ ಬಹುಕಾಲ ದಾರಿ ತಪ್ಪಿಸಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದ್ದ ಪ್ರತಿಯಲ್ಲಿ ಒಳಗಿನ ಮತ್ತು ಹೊರಗಿನ ನೋಟಗಳು ಒಂದಾದ ಮೇಲೊಂದು ಹೆಣೆದುಕೊಂಡಿದ್ದವು. ಅದನ್ನು ನಂಬಿದವರು ಸಮಾಂತರ ಸಂಕಲನದ, ಅಂದರೆ ಏಕಕಾಲಕ್ಕೆ ಎರಡು ಕಡೆ ನಡೆಯುವುದನ್ನು ಸರದಿಯಂತೆ ಕತ್ತರಿಸಿ ಜೋಡಿಸುವ ವಿಧಾನದ, ಆರಂಭದ ಕೀರ್ತಿಯನ್ನು ಪೋರ್ಟರ್‌ಗೆ ಕೊಟ್ಟರು. ಆದರೆ 1912ಕ್ಕೆ ಮೊದಲು ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರಗಳಿಗೆ ಪ್ರತ್ಯೇಕ ವರ್ಗವಿರಲಿಲ್ಲವಾದ್ದರಿಂದ, ನಿರ್ಮಾಪಕರು ಇಡೀ ಚಿತ್ರವನ್ನು ಕಾಗದದ ಸುರುಳಿಯ ಮೇಲೆ ಮುದ್ರಿಸಿ, ಛಾಯಾಚಿತ್ರಗಳೆಂದು ನೋಂದಾಯಿಸುತ್ತಿದ್ದರು. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಉಳಿದ ಅಂಥ ಪ್ರತಿಯಲ್ಲಿ ಇರುವುದು ನೀವು ನೋಡಿದ ಕ್ರಮವೇ. ಹೆಣೆದ ರೂಪ ನಂತರ ಯಾರೋ ಮರುಸಂಕಲನ ಮಾಡಿದ್ದು.

ಹಾಗೆಂದು ಎಲ್ಲರೂ ಒಂದೇ ಮೆಟ್ಟಿಲಲ್ಲಿ ನಿಂತಿದ್ದರೆಂದಲ್ಲ. ಇಂಗ್ಲೆಂಡಿನ ಜೇಮ್ಸ್ ವಿಲಿಯಮ್ಸನ್ 1901ರ ‘ಫೈರ್!’ ಚಿತ್ರದಲ್ಲೇ, ಒಳಗೆ ಕಿಟಕಿ ದಾಟಿದವನನ್ನು ಮುಂದಿನ ಶಾಟ್‌ನಲ್ಲಿ ಹೊರಗಿನ ಏಣಿಗೆ ನೇರವಾಗಿ ತಂದಿದ್ದರು.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ಹರಿಕಥೆಯ ದಾಸರು ‘ಇತ್ತ ಹೀಗಿರಲು, ಅತ್ತ…’ ಎಂದು ಒಂದೇ ಉಸಿರಿನಲ್ಲಿ ಸ್ಥಳ ಬದಲಿಸಬಲ್ಲರು. ಮೂಕಿಗೆ ಆ ದನಿಯೇ ಇರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಕಥೆ ವಿವರಿಸುವವರು ಕೆಲವೆಡೆ ಇದ್ದರೂ, ಎಲ್ಲ ಪ್ರದರ್ಶನಗಳಲ್ಲೂ ಅವರನ್ನು ನೆಚ್ಚುವಂತಿರಲಿಲ್ಲ. ದಾರಿ ತೋರಿದ್ದು, ಬಹುಮಟ್ಟಿಗೆ, ಟೆಲಿಫೋನ್. ಡಿ. ಡಬ್ಲ್ಯು. ಗ್ರಿಫಿತ್ ಅವರ ‘ದಿ ಲೋನ್ಲಿ ವಿಲ್ಲಾ’ (1909) ಚಿತ್ರದಲ್ಲಿ ಕಳ್ಳರು ಬಾಗಿಲು ಒಡೆಯುತ್ತಿರುವಾಗ ಹೆಂಡತಿ ದೂರದಲ್ಲಿರುವ ಗಂಡನೊಂದಿಗೆ ಮಾತನಾಡುತ್ತಾಳೆ. ಎರಡು ತುದಿಗಳೂ ಒಂದೇ ಕ್ಷಣದಲ್ಲಿವೆ ಎಂಬುದನ್ನು ಪ್ರೇಕ್ಷಕರಿಗೆ ಬೇರೆ ಹೇಳಬೇಕಿಲ್ಲ. ಮಾತಿನ ನಡುವೆ ತಂತಿ ಕಡಿದಾಗ ಗಂಡ ಮನೆಯತ್ತ ಧಾವಿಸುತ್ತಾನೆ, ಚಿತ್ರ ಅವನಿಂದ ಮನೆಗೆ, ಮನೆಯಿಂದ ಅವನಿಗೆ ಜಿಗಿಯುತ್ತದೆ. ಇಲ್ಲಿ ಯಾವ ಶಾಟ್ ಕೂಡ ಪೂರ್ಣವಲ್ಲ; ಪ್ರತಿಯೊಂದೂ ಕ್ರಿಯೆಯ ಮಧ್ಯದಲ್ಲೇ ತುಂಡಾಗುವುದರಿಂದ ಆತಂಕ ಹುಟ್ಟುತ್ತದೆ. ಗ್ರಿಫಿತ್ ಇದರ ಜನಕರಲ್ಲ. ಇದೇ ಬಗೆಯ ಕಥೆಯನ್ನು ಫ್ರಾನ್ಸಿನ ಪಾಥೆ ಸಂಸ್ಥೆ 1908ರಲ್ಲೇ ಚಿತ್ರಿಸಿತ್ತು. ಆದರೆ ಈ ವಿಧಾನವನ್ನು ಚಿತ್ರದಿಂದ ಚಿತ್ರಕ್ಕೆ ಪಳಗಿಸಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು.

ಬೇರೆ ದಾರಿಯೂ ಇತ್ತು. ಲೋಯಿಸ್ ವೆಬರ್ ಮತ್ತು ಫಿಲಿಪ್ಸ್ ಸ್ಮಾಲಿ 1913ರ ‘ಸಸ್ಪೆನ್ಸ್’ ಚಿತ್ರದಲ್ಲಿ ಪರದೆಯನ್ನೇ ತ್ರಿಕೋನಗಳಾಗಿ ವಿಭಜಿಸಿ, ಫೋನಿನಲ್ಲಿ ಮಾತನಾಡುವ ಹೆಂಡತಿ, ಕಚೇರಿಯಲ್ಲಿರುವ ಗಂಡ, ಮನೆಗೆ ನುಗ್ಗಲು ಬಂದ ಆಗಂತುಕ, ಈ ಮೂವರನ್ನೂ ಒಟ್ಟಿಗೆ ತೋರಿಸಿದರು. ಏಕಕಾಲವನ್ನು ಹೇಳಲು ಇದಕ್ಕಿಂತ ನೇರವಾದ ವಿಧಾನವಿಲ್ಲ. ಆದರೂ ಚಿತ್ರರಂಗ ಒಟ್ಟಾರೆಯಾಗಿ ಕತ್ತರಿಸಿ ಜೋಡಿಸುವ ದಾರಿಯನ್ನೇ ಹಿಡಿಯಿತು.